‘ಲೈಟ್ ಹೌಸ್‌ಕೀಪಿಂಗ್’ಗೆ ಕನ್ನಡದಲ್ಲಿ ಏನಂತಾರೆ?

ಕಳೆದ ಸೆಮ್ ರಜೆಯಲ್ಲಿ ನಮ್ಮ ಮನೇಲಿ ಒಂದು ಲಿಸ್ಟ್ ತಯಾರಾಯ್ತು. ಅಕ್ಕನ ಹೆರಿಗೆ ರಜೆ ಮುಗಿಯೋಕೆ ಹತ್ತು ದಿನ ಬಾಕಿ ಇತ್ತು, ಪಾಪುಗೆ ಆರು ತಿಂಗಳು ತುಂಬೋದ್ರಲ್ಲಿತ್ತು. ಬಾಣಂತನ ಮುಗಿಸಿಕೊಂಡು ಮೈಸೂರಿಂದ ಬೆಂಗಳೂರಿನ ಫ್ಲ್ಯಾಟಿಗೆ ಎಲ್ಲರೂ ಬಂದಿದ್ವಿ. ಅಕ್ಕ ವಾರಕ್ಕೆ ಮೂರು ದಿನ ಆಫೀಸಿಗೆ ಹೋಗಲೇಬೇಕು. ಭಾವನಿಗೆ ಮನೆಯಿಂದಲೇ ಕೆಲಸ, ಆದ್ರೆ ಬೆಳಗ್ಗೆ ಹತ್ತಕ್ಕೆ ರೂಮಿನ ಬಾಗಿಲು ಹಾಕಿಕೊಂಡ್ರೆ ಮುಗೀತು. ಅಮ್ಮ ಎಷ್ಟು ದಿನ ಅಂತ ಇಲ್ಲಿರೋಕಾಗುತ್ತೆ, ಅಲ್ಲಿ ಅಪ್ಪ ಒಬ್ಬರೇ. ಹಾಗಾಗಿ ಪಾಪು ನೋಡ್ಕೊಳ್ಳೋಕೆ ಒಬ್ಬರನ್ನ ಗೊತ್ತು ಮಾಡೋದು ಅಂತಾಯ್ತು. ಅವರು ಏನೇನು ಮಾಡಬೇಕು ಅಂತ ಮೊದಲೇ ಬರೆದಿಟ್ಟುಬಿಡೋಣ ಅಂದ್ಲು ಅಕ್ಕ. ಲ್ಯಾಪ್‌ಟಾಪ್ ಮಡಿಲಲ್ಲಿಟ್ಟುಕೊಂಡು ಸುಮ್ನೆ ಕೂತಿದ್ದ ನಮ್ಮ ಪಾಲಿಗೆ ಟೈಪಿಂಗ್ ಬಂತು.

ಲಿಸ್ಟ್ ಇಂಗ್ಲಿಷಲ್ಲಿತ್ತು. ನಾವು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, ಲಿಸ್ಟ್ ಅಂದ್ರೆ ಕೈ ತಾನಾಗೇ ಇಂಗ್ಲಿಷಿಗೆ ಹೋಗುತ್ತೆ. ಮೊದಲ ಆರು ಐಟಂ ಪಾಪುಗೆ ಸಂಬಂಧಪಟ್ಟಿದ್ದು: ಹಾಲು ಕುಡಿಸೋದು, ಸ್ನಾನ, ನಿದ್ದೆ, ಬಟ್ಟೆ ಬದಲಾಯಿಸೋದು, ಬಾಟಲಿ ಕುದಿಸಿಡೋದು, ರಾಗಿ ಸರಿ ಕಾಯಿಸೋದು. ಅಲ್ಲಿಗೆ ನಿಲ್ಲಬೇಕಿತ್ತು. ‘ಹೇಗಿದ್ರೂ ಇರ್ತಾರಲ್ಲ’ ಅಂತ ಅಮ್ಮ ಒಂದು ಸೇರಿಸಿದ್ರು, ಭಾವ ರೂಮಿಂದ ತಲೆ ಹೊರಗೆ ಹಾಕಿ ಎರಡು ಸೇರಿಸಿದ್ರು. ಕೊನೆಗೆ ಹದಿನಾಲ್ಕು ಐಟಂ ಆಯ್ತು. ಹದಿನಾಲ್ಕನೆಯದು ‘ಎನಿ ಅದರ್ ಲೈಟ್ ಹೌಸ್‌ಕೀಪಿಂಗ್’. ಇದು ನಮ್ಮದೇ ಕೊಡುಗೆ. ಎಲ್ಲೋ ಓದಿದ ನೆನಪು, ಪ್ರೊಫೆಷನಲ್ ಆಗಿ ಕಾಣ್ಸುತ್ತೆ ಅಂತ ಹಾಕಿದ್ವಿ.

ಮಾರನೇ ದಿನ ಆಂಟಿ ಬಂದ್ರು. ರಾಯಚೂರು ಕಡೆಯವರು, ಕೆ.ಆರ್. ಪುರದ ಹತ್ರ ಮನೆ, ಬಸ್ಸಲ್ಲಿ ಓಡಾಟ. ಇಂಗ್ಲಿಷ್ ಓದೋಕೆ ಬರಲ್ಲ ಅಂದ್ರು. ‘ನೀನೇ ಓದಿ ಹೇಳೋ’ ಅಂತ ಅಕ್ಕ ನಮ್ಮ ಕಡೆ ತಿರುಗಿದ್ಲು. ಸರಿ, ಒಂದೊಂದೇ ಐಟಂ ಕನ್ನಡ ಮಾಡ್ತಾ ಹೋದ್ವಿ. ಆವಾಗಲೇ ಸ್ವಲ್ಪ ಮುಜುಗರ ಶುರುವಾಗಿದ್ದು. ಇಂಗ್ಲಿಷಲ್ಲಿ ‘ಕಿಚನ್ ಕ್ಲೀನಪ್’ ಅಂತ ನೀಟಾಗಿ ಕೂತಿದ್ದು ಕನ್ನಡಕ್ಕೆ ಬಂದಾಗ ಐದು ಜನರ ಮುಸುರೆ ತಿಕ್ಕೋದು, ಸ್ಟವ್ ಒರೆಸೋದು, ಸಿಂಕ್ ತೊಳೆಯೋದು ಆಯ್ತು. ‘ಲಾಂಡ್ರಿ’ ಅಂದ್ರೆ ಮೆಷಿನ್ನಿಗೆ ಹಾಕಿ, ಒಣಗಿಸಿ, ಮಡಚಿ, ಇಸ್ತ್ರಿ ಮಾಡಿ, ಬೀರುವಿನಲ್ಲಿಡೋದು. ಹನ್ನೊಂದನೇ ಐಟಂ, ಶನಿವಾರ ಹಾಸ್ಟೆಲ್‌ನಿಂದ ಬರೋ ಬಟ್ಟೆ ಗಂಟು. ಅದು ಯಾರ ಗಂಟು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹದಿನಾಲ್ಕಕ್ಕೆ ಬಂದಾಗ ನಾಲಿಗೆ ನಿಂತೇ ಹೋಯ್ತು. ಲೈಟ್ ಹೌಸ್‌ಕೀಪಿಂಗ್‌ಗೆ ಕನ್ನಡದಲ್ಲಿ ಏನಂತಾರೆ? ಸಣ್ಣಪುಟ್ಟ ಮನೆಗೆಲಸ? ಗುಡಿಸೋದಾ, ಫ್ರಿಜ್ ಒರೆಸೋದಾ, ಗಿಡಕ್ಕೆ ನೀರಾ? ‘ಇನ್ನೇನಾದ್ರೂ ಹೇಳಿದ್ರೆ ಮಾಡಬೇಕು’ ಅಂತ ಹೇಳಿ ಮುಗಿಸಿದ್ವಿ. ಅದಕ್ಕಿಂತ ಪ್ರಾಮಾಣಿಕವಾದ ಅನುವಾದ ಈಗಲೂ ಹೊಳೆದಿಲ್ಲ.

ಆಂಟಿ ಎಲ್ಲಾ ಕೇಳಿಸಿಕೊಂಡು, ‘ಎಲ್ಲಾ ಮಾಡ್ತೀನ್ರಿ. ಆದ್ರ ಇದನ್ನೆಲ್ಲಾ ಮಾಡೂವಾಗ ಕೂಸಿನ್ನ ಯಾರು ನೋಡ್ಕೋತಾರ್ರಿ?’ ಅಂದ್ರು.

ನಾವೆಲ್ಲ ನಕ್ಕುಬಿಟ್ವಿ. ‘ಮಲಗಿರೋವಾಗ ಮಾಡ್ಕೊಳಮ್ಮ, ಪಾಪು ಜಾಸ್ತಿ ಹೊತ್ತು ಮಲಗೇ ಇರುತ್ತೆ’ ಅಂದ್ರು ಅಮ್ಮ. ಬೆಳಗ್ಗೆ ಒಂಬತ್ತರಿಂದ ಸಂಜೆ ಆರೂವರೆ, ತಿಂಗಳಿಗೆ 18 ಸಾವಿರ, ಭಾನುವಾರ ರಜೆ ಅಂತ ಮಾತಾಯ್ತು. ಈ ಲೇಖನ ಬರೀತಿರೋದು ಅವತ್ತು ನಾವು ನಕ್ಕ ಆ ಪ್ರಶ್ನೆಗೋಸ್ಕರ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೀವಿ. ಮಗು ನೋಡ್ಕೊಳ್ಳೋಕೆ ಬಂದವರ ಹತ್ರ ಮಗುವಿನಿಂದ ಹುಟ್ಟೋ ಕೆಲಸ ಮಾತ್ರ ಕೇಳಬೇಕು. ಮಗುವಿನ ಬಟ್ಟೆ, ಮಗುವಿನ ಬಟ್ಟಲು, ಮಗು ಚೆಲ್ಲಿದ ಸರಿ, ಮಗು ಮಲಗೋ ಜಾಗ. ಅದರಾಚೆಗಿನ ಕೆಲಸ ಆ ಮನೆಯವರದ್ದು. ಅದನ್ನ ಮಾಡೋಕೆ ಮನೆಯವರಿಗೆ ಆಗದಿದ್ರೆ ಬೇರೆಯವರನ್ನ ಇಟ್ಕೊಳ್ಳಲಿ, ಅಥವಾ ಮಾಡದೇ ಇರಲಿ. ಒಂದು ದಿನ ನೆಲ ಒರೆಸದಿದ್ರೆ ಯಾರೂ ಸಾಯಲ್ಲ.

ಇದು ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಬಂದ ಹೊಸ ನಾಜೂಕು ಅಂತ ಅನ್ನಿಸಬಹುದು. ಅಲ್ಲ. ಮೈಸೂರಲ್ಲಿ ಬಾಣಂತನದ ಹೊತ್ತಲ್ಲಿ ಪಾಪುಗೆ ನೀರು ಹಾಕೋಕೆ ಒಬ್ಬ ಅಜ್ಜಿ ಬರ್ತಿದ್ರು. ನಿಮ್ಮಲ್ಲೂ ಎಷ್ಟೋ ಮನೆಗೆ ಬಂದಿರ್ತಾರೆ. ಬಚ್ಚಲಲ್ಲಿ ಮಣೆ ಮೇಲೆ ಕೂತು, ಎರಡೂ ಕಾಲು ಚಾಚಿ, ಮೊಣಕಾಲಿಂದ ಕೆಳಗೆ ಪಾಪುನ ಬೋರಲು ಮಲಗಿಸಿಕೊಂಡು ಎಣ್ಣೆ ತಿಕ್ಕೋರು. ಬಿಸಿನೀರು ಹುಯ್ದು, ಸಾಂಬ್ರಾಣಿ ಹೊಗೆ ಹಿಡಿದು, ಹಳೇ ಪಂಚೇಲಿ ಬಿಗಿಯಾಗಿ ಸುತ್ತಿ ಅಕ್ಕನ ಕೈಗೆ ಕೊಟ್ರೆ ಅವರ ಕೆಲಸ ಮುಗೀತು. ಆಮೇಲೆ ಕಾಫಿ ಕುಡಿದು, ದುಡ್ಡು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಬಿಡೋರು. ‘ಹೇಗಿದ್ರೂ ಬಚ್ಚಲಲ್ಲಿದೀರಲ್ಲ, ಹಾಗೇ ಈ ನಾಲ್ಕು ಬಟ್ಟೆ ಒಗೆದುಬಿಡಿ’ ಅಂತ ಅವರಿಗೆ ಹೇಳೋ ಧೈರ್ಯ ಅಮ್ಮನಿಗೂ ಇರ್ಲಿಲ್ಲ. ಅವರದ್ದು ಕೈಗುಣ, ಅದಕ್ಕೊಂದು ಮರ್ಯಾದೆ. ಅದೇ ಅಮ್ಮ, ಅದೇ ಪಾಪು, ಮೂರು ತಿಂಗಳಾದ ಮೇಲೆ ಬೆಂಗಳೂರಿಗೆ ಬಂದ್ರೆ ಹದಿನಾಲ್ಕು ಐಟಂ. ಏನು ಬದಲಾಯ್ತು?

ಒಂದು ಕಾರಣ ಹೆಸರೇ ಇಲ್ಲದಿರೋದು ಅನ್ಸುತ್ತೆ. ನೀರು ಹಾಕೋ ಅಜ್ಜಿಗೆ ಅವರ ಕೆಲಸವೇ ಹೆಸರು. ಆಂಟಿಗೆ ನಮ್ಮ ಹತ್ರ ಹೆಸರಿಲ್ಲ. ಆಯಾ ಅಂದ್ರೆ ಶಾಲೆ, ಆಸ್ಪತ್ರೆ ನೆನಪಾಗುತ್ತೆ. ದಾದಿ ಅಂದ್ರೆ ನರ್ಸ್. ಅಕ್ಕ ನ್ಯಾನಿ ಅಂತಾಳೆ, ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಮೇಡ್ ಅಂತಾರೆ, ಅಮ್ಮ ಫೋನಲ್ಲಿ ಅಪ್ಪನಿಗೆ ‘ಕೆಲಸದವಳು ಸಿಕ್ಕಿದ್ಲು’ ಅಂದ್ರು. ಕೆಲಸದವಳು ಅಂದ ಮೇಲೆ ಯಾವ ಕೆಲಸ ಅಂತ ಕೇಳೋರು ಯಾರು.

ಇನ್ನು ಅಮ್ಮನ ಆ ಮಾತು, ಮಲಗಿರೋವಾಗ ಸುಮ್ನೆ ಕೂತಿರ್ತಾರಲ್ಲ ಅನ್ನೋದು. ಇದನ್ನ ನಮ್ಮ ಕ್ಲಬ್ಬಲ್ಲೂ ಮೂರು ಜನ ಹೇಳಿದ್ರು. ಅವರಿಗೆ ನಮ್ಮ ಉತ್ತರ: ಇಂಟರ್ನಲ್ಸ್ ದಿನ ಇನ್ವಿಜಿಲೇಟರ್ ಕೂಡ ಸುಮ್ನೆ ಓಡಾಡ್ಕೊಂಡಿರ್ತಾರೆ. ‘ಹೇಗಿದ್ರೂ ಖಾಲಿ ಇದೀರಲ್ಲ’ ಅಂತ ಅವರ ಕೈಗೆ ಒಂದು ಕಟ್ಟು ಬ್ಲೂಬುಕ್ ಕೊಟ್ಟು ತಿದ್ದೋಕೆ ಕೂರಿಸಿದ್ರೆ ಹಾಲ್‌ನಲ್ಲಿ ಏನಾಗುತ್ತೆ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೋಡ್ಕೊಳ್ಳೋದೇ ಒಂದು ಕೆಲಸ. ಹೊರಗಿಂದ ನೋಡೋರಿಗೆ ಅದು ಕೆಲಸದ ಥರ ಕಾಣಲ್ಲ, ಅಷ್ಟೇ. ಅದೂ ಅಲ್ಲದೆ ಒಂಬತ್ತೂವರೆ ಗಂಟೆ ಡ್ಯೂಟಿಯಲ್ಲಿ ಅವರು ಊಟ ಮಾಡೋದು ಯಾವಾಗ? ಬಾತ್‌ರೂಮಿಗೆ ಹೋಗೋದು ಯಾವಾಗ? ಪಾಪು ಮಲಗಿದಾಗಲೇ. ಆರು ತಿಂಗಳ ಮಗು ಹಗಲಲ್ಲಿ ಒಂದೇ ಸಲ ನಾಲ್ಕು ಗಂಟೆ ಮಲಗಲ್ಲ, ತುಂಡು ತುಂಡಾಗಿ ಮಲಗುತ್ತೆ. ಮಿಕ್ಸಿ ಶಬ್ದಕ್ಕೆ ಎದ್ದುಬಿಡುತ್ತೆ. ಆ ಮಿಕ್ಸಿ ಓಡಿಸೋದೂ ಲಿಸ್ಟಲ್ಲಿತ್ತು.

ಹಾಗಂತ ನೆಲದ ಮೇಲೆ ಗೆರೆ ಎಳೆದ ಹಾಗೆ ‘ಇದು ಪಾಪು ಕೆಲಸ, ಇದು ಅಲ್ಲ’ ಅಂತ ಎಲ್ಲಾ ಕಡೆ ಹೇಳೋಕಾಗಲ್ಲ ಅನ್ನೋದೂ ನಿಜ. ನಾವು ಚಿಕ್ಕವರಿದ್ದಾಗ ಅಮ್ಮ ಬ್ಯಾಂಕಿಂದ ಬರೋವರೆಗೂ ಪಕ್ಕದ ಬೀದಿಯ ಒಬ್ಬರು ನಮ್ಮನ್ನ ನೋಡ್ಕೊಳ್ಳೋರು. ಅವರು ನಮ್ಮ ಮುಂದೆ ಮೊರ ಇಟ್ಕೊಂಡು ಸೊಪ್ಪು ಬಿಡಿಸೋರು, ಅವರೆಕಾಯಿ ಕಾಲದಲ್ಲಿ ಕಾಯಿ ಸುಲಿಯೋರು. ನಮಗೂ ಒಂದು ಹಿಡಿ ಕೊಡೋರು, ನಾವು ಅರ್ಧ ಕಾಳು ದಿವಾನದ ಕೆಳಗೆ ಉರುಳಿಸ್ತಿದ್ವಿ. ಅದರಿಂದ ಯಾರಿಗೂ ಕಷ್ಟ ಆದ ನೆನಪಿಲ್ಲ. ಯಾಕಂದ್ರೆ ನಾವು ಬಿದ್ರೆ, ಜಗಳ ಆಡಿದ್ರೆ, ಅವರು ಮೊರ ಪಕ್ಕಕ್ಕೆ ತಳ್ಳಿ ಎದ್ದು ಬರಬಹುದಿತ್ತು.

ಈ ಸೆಮ್ ಮೈಕ್ರೋಕಂಟ್ರೋಲರ್ ಪೇಪರಲ್ಲಿ ಇಂಟರಪ್ಟ್ ಅಂತ ಒಂದು ಭಾಗ ಇದೆ. ಪ್ರೊಸೆಸರ್ ಏನೋ ಮಾಡ್ತಾ ಇರುತ್ತೆ, ಇಂಟರಪ್ಟ್ ಬಂತು ಅಂದ್ರೆ ಎಲ್ಲಿ ನಿಲ್ಲಿಸಿದ್ದೀನಿ ಅಂತ ಗುರುತು ಹಾಕಿಕೊಂಡು, ಮೊದಲು ಅದನ್ನ ನೋಡಿ, ಆಮೇಲೆ ವಾಪಸ್ ಬರುತ್ತೆ. ಪಾಪು ಅಳೋದು ಅತಿ ದೊಡ್ಡ ಪ್ರಯಾರಿಟಿಯ ಇಂಟರಪ್ಟ್. ಅದು ಬಂದ ಕ್ಷಣದಲ್ಲೇ ಬಿಟ್ಟೇಳೋಕೆ ಆಗೋ ಕೆಲಸ ಆದ್ರೆ ಕೇಳಬಹುದು, ಆಗದ್ದನ್ನ ಕೇಳಬಾರದು. ಸೊಪ್ಪು ಬಿಡಿಸೋದು ಸರಿ. ಪಾಪುವಿನ ಬಟ್ಟೆ ಮಡಚೋದು ಸರಿ. ಎಣ್ಣೆ ಕಾದಿರೋ ಬಾಣಲೆ, ಬಿಸಿ ಇಸ್ತ್ರಿ ಪೆಟ್ಟಿಗೆ, ಸೋಪಿನ ನೀರಲ್ಲಿರೋ ಕೈ, ಒರೆಸಿ ಅರ್ಧಕ್ಕೆ ಬಿಟ್ಟ ನೆಲ, ಇವು ಯಾವುವೂ ಸರಿ ಅಲ್ಲ. ಸರಿ ಇರೋ ಕೆಲಸವನ್ನೂ ಕೇಳೋದು ಅಂದ್ರೆ ಕೇಳೋದೇ. ಅವರು ಬೇಡ ಅಂದ್ರೆ ಅಲ್ಲಿಗೆ ಮುಗೀತು, ಹ್ಞೂಂ ಅಂದ್ರೆ ಅದಕ್ಕೆ ಬೇರೆ ದುಡ್ಡು.

ಇಷ್ಟೆಲ್ಲಾ ಬುದ್ಧಿವಂತಿಕೆ ನಮಗೆ ಲಿಸ್ಟ್ ಟೈಪ್ ಮಾಡೋವಾಗ ಇರ್ಲಿಲ್ಲ. ಬಂದಿದ್ದು ಮೂರನೇ ವಾರ.

ಅವತ್ತು ಮಂಗಳವಾರ. ಅಮ್ಮ ಮೈಸೂರಿಗೆ ವಾಪಸ್ ಹೋಗಿ ಆಗಿತ್ತು, ಅಕ್ಕ ಆಫೀಸಲ್ಲಿ, ಭಾವ ರೂಮಲ್ಲಿ, ನಾವು ಹಾಸ್ಟೆಲಲ್ಲಿ. ಪಾಪು ದಿವಾನದಿಂದ ಕೆಳಗೆ ಬಿತ್ತು. ಹಣೆ ಊದಿಕೊಂಡಿತ್ತು. ಡಾಕ್ಟರ್ ನೋಡಿ ಏನೂ ಆಗಿಲ್ಲ, ಒಂದು ದಿನ ಗಮನಿಸ್ತಾ ಇರಿ ಅಂದ್ರಂತೆ. ಸಂಜೆಗೆ ಪಾಪು ನಗ್ತಾ ಇತ್ತು. ಆದ್ರೆ ಆ ಮಧ್ಯಾಹ್ನ ಅಕ್ಕ ಆಫೀಸಿಂದ ಫೋನಲ್ಲಿ ಆಂಟಿಗೆ ಏನೇನು ಅಂದ್ಲು ಅಂತ ಅವಳೇ ಆಮೇಲೆ ಅಳ್ತಾ ಹೇಳಿದ್ಲು. ‘ನಿಮ್ಮನ್ನ ಇಟ್ಕೊಂಡಿರೋದು ಯಾತಕ್ಕೆ’ ಅನ್ನೋದು ಅದರಲ್ಲಿ ಎಲ್ಲಕ್ಕಿಂತ ಸಣ್ಣ ಮಾತು.

ರಾತ್ರಿ ಹಾಲ್‌ನ ಕ್ಯಾಮೆರಾ ತೆಗೆದು ನೋಡಿದ್ರು. ಆ ಕ್ಲಿಪ್ ಫ್ಯಾಮಿಲಿ ಗ್ರೂಪಿಗೂ ಬಂತು. ಆಂಟಿ ತಪ್ಪು ಹಿಡಿಯೋಕೆ ಅಂತಲೇ ಹಾಕಿದ್ದು. 11.42ಕ್ಕೆ ಶುರುವಾಗುತ್ತೆ. ನೆಲ ಒದ್ದೆ, ಆಗ ತಾನೇ ಒರೆಸಿದ್ದು, ಫ್ಯಾನ್ ಜೋರಾಗಿ ತಿರುಗ್ತಿದೆ. ಪಾಪು ದಿನಾ ಆಡ್ತಿದ್ದ ಚಾಪೆ ಸುತ್ತಿ ಗೋಡೆಗೆ ಒರಗಿಸಿದೆ. ಹಾಗಾಗಿ ಪಾಪು ದಿವಾನದ ಮೇಲಿದೆ, ಆಂಟಿ ಪಕ್ಕದಲ್ಲೇ ಕೂತು ಗಿಲಕಿ ಆಡಿಸ್ತಿದಾರೆ. ಕುಕ್ಕರ್ ಕೂಗುತ್ತೆ. ಎದ್ದೇಳಲ್ಲ. ಮತ್ತೆ ಕೂಗುತ್ತೆ. ಆಮೇಲೆ ಒಳಗಿಂದ ಭಾವನ ದನಿ: ‘ಆಂಟಿ, ಕುಕ್ಕರ್! ಹಾಗೇ ಒಂದು ಕಾಫಿ.’ ಆಂಟಿ ಎರಡೂ ಕಡೆ ದಿಂಬು ಇಟ್ಟು, ಒಂದು ಸಲ ಒತ್ತಿ ನೋಡಿ, ಓಡ್ತಾರೆ. ಓಡಿದ್ದೇ ಅಂತ ಹೇಳ್ತಿದೀವಿ, ಒದ್ದೆ ನೆಲದ ಮೇಲೆ ಕಾಲು ಜಾರಿದ್ದೂ ಕಾಣುತ್ತೆ. ಪಾಪು ಆ ವಾರ ತಾನೇ ಮಗುಚೋದು ಕಲಿತಿತ್ತು. ಆ ವಿಡಿಯೋನ ನಾವೇ ಅವತ್ತು ಹಾರ್ಟ್ ಹಾಕಿ ಫಾರ್ವರ್ಡ್ ಮಾಡಿದ್ವಿ.

ಗ್ರೂಪಲ್ಲಿ ಸುಮಾರು ಹೊತ್ತು ಯಾರೂ ಏನೂ ಬರೀಲಿಲ್ಲ. ಒರೆಸೋದು ಐಟಂ ಒಂಬತ್ತು. ಅಡುಗೆ ಐಟಂ ಏಳು. ಕಾಫಿ ಲಿಸ್ಟಲ್ಲೇ ಇರ್ಲಿಲ್ಲ, ಅದು ‘ಎನಿ ಅದರ್’ ಒಳಗೆ ಬರುತ್ತೆ. ಐಟಂ ಹದಿನಾಲ್ಕು, ಟೈಪ್ ಮಾಡಿದ್ದು ನಾವು.

ಇಲ್ಲಿ ಅಕ್ಕನ ಪರವಾಗಿಯೂ ಎರಡು ಮಾತು ಹೇಳಬೇಕು, ಇಲ್ಲಾಂದ್ರೆ ಮೋಸ ಆಗುತ್ತೆ. ಈ ಥರ ಲೇಖನಗಳಲ್ಲಿ ಬಯ್ಯಿಸಿಕೊಳ್ಳೋದು ಯಾವಾಗಲೂ ‘ಮೇಡಂ’. 2017ರಿಂದ ಹೆರಿಗೆ ರಜೆ 26 ವಾರ ಆಯ್ತು, ಒಳ್ಳೇದೇ. ಅದೇ ತಿದ್ದುಪಡಿಯಲ್ಲಿ ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡೋ ಕಡೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಇರಬೇಕು ಅಂತಲೂ ಬಂತು. ಆದ್ರೆ ಆರು ತಿಂಗಳ ಮಗುನ ಎತ್ಕೊಂಡು ಬೆಂಗಳೂರಿನ ಟ್ರಾಫಿಕ್ಕಲ್ಲಿ ಒಂದೂವರೆ ಗಂಟೆ ಹೋಗೋದು, ಒಂದೂವರೆ ಗಂಟೆ ಬರೋದು ಯಾರಿಂದಾಗುತ್ತೆ? ಖಾಸಗಿ ಕಂಪನಿಯ ಅಪ್ಪಂದಿರಿಗೆ ಕಾನೂನಿನ ಪ್ರಕಾರ ರಜೆಯೇ ಇಲ್ಲ. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಇದೆ, ಅಷ್ಟೇ. ಅಂದ್ರೆ ಮನೇಲಿ ಮಗು ಹುಟ್ಟಿದಾಗ ಹೆಚ್ಚಾಗೋ ಕೆಲಸವೆಲ್ಲ ಒಬ್ಬಳ ತಲೆ ಮೇಲೆ ಬರುತ್ತೆ, ಅವಳು ಆಫೀಸಿಗೆ ಹೊರಟ ದಿನ ಆ ಬುಟ್ಟಿಯನ್ನ ಹಾಗೇ ಇನ್ನೊಬ್ಬಳ ತಲೆಗೆ ದಾಟಿಸ್ತಾಳೆ. ನಮ್ಮ ಹದಿನಾಲ್ಕು ಐಟಮ್ಮಿನಲ್ಲಿ ಏಳರಿಂದ ಹದಿನಾಲ್ಕರವರೆಗೆ ಮತ್ತೆ ಓದಿದ್ವಿ. ಅವು ಆಂಟಿ ಕೆಲಸಗಳಲ್ಲ, ಅಕ್ಕನ ಕೆಲಸಗಳೂ ಅಲ್ಲ. ಭಾವ ಮಾಡದ ಕೆಲಸಗಳು, ನಾವು ಮಾಡದ ಕೆಲಸಗಳು. ನೀರು ಹಾಕೋ ಅಜ್ಜಿ ಮುಂದೆ ಅಮ್ಮ ಬಾಯಿ ಮುಚ್ಚಿಕೊಂಡಿದ್ದು ಮರ್ಯಾದೆಗೆ ಮಾತ್ರ ಅಲ್ಲ, ಮೈಸೂರಲ್ಲಿ ಆ ಕೆಲಸ ಎಲ್ಲಾ ಮಾಡೋಕೆ ಅಮ್ಮನೇ ಇದ್ರು.

ಕಾನೂನು ಏನನ್ನುತ್ತೆ ಅಂತಲೂ ಹುಡುಕಿದ್ವಿ. ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತು ಮಾಡಿದ ಮೊದಮೊದಲ ರಾಜ್ಯಗಳಲ್ಲಿ ಕರ್ನಾಟಕ ಒಂದು, ಅದು 2004ರಲ್ಲೇ. ಅಂದ್ರೆ ನಾವು ಹುಟ್ಟೋದಕ್ಕೂ ಮುಂಚೆ. 2011ರಲ್ಲಿ ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮನೆಗೆಲಸದವರಿಗಾಗಿ 189ನೇ ಒಪ್ಪಂದ ಮಾಡಿತು. ಕೆಲಸಕ್ಕೆ ಸೇರಿಸಿಕೊಳ್ಳೋವಾಗ ಯಾವ ಬಗೆಯ ಕೆಲಸ, ಎಷ್ಟು ಹೊತ್ತು, ಎಷ್ಟು ಸಂಬಳ ಅನ್ನೋದು ಅವರಿಗೆ ಅರ್ಥವಾಗೋ ಹಾಗೆ ತಿಳಿಸಬೇಕು, ಆದಷ್ಟೂ ಬರವಣಿಗೆಯಲ್ಲೇ ಇರಬೇಕು ಅಂತ ಅದರಲ್ಲಿದೆ. ಭಾರತ ಅದರ ಪರವಾಗಿ ವೋಟು ಹಾಕಿತು, ಆದ್ರೆ ಅದಕ್ಕೆ ಬದ್ಧವಾಗೋ ಸಹಿ ಮಾತ್ರ ಹಾಕಲಿಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇವರಿಗಾಗಿ ಕಾನೂನು ಬೇಕಾ ಅಂತ ಪರಿಶೀಲಿಸೋಕೆ ಸಮಿತಿ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. ಅದೇ ವರ್ಷ ನಮ್ಮ ರಾಜ್ಯ ಸರ್ಕಾರವೂ ನೋಂದಣಿ, ಲಿಖಿತ ಒಪ್ಪಂದ ಎಲ್ಲಾ ಇರೋ ಒಂದು ಕರಡು ಮಸೂದೆ ಹೊರತಂತು.

ಅರ್ಥವಾಗೋ ಹಾಗೆ ಅನ್ನೋ ಮಾತು ನಮಗೆ ಚುಚ್ಚಿತು. ನಮ್ಮ ಲಿಸ್ಟ್ ಬರವಣಿಗೆಯಲ್ಲೇ ಇತ್ತು. ಅದು ಇದ್ದಿದ್ದು ಆಂಟಿಗೆ ಓದೋಕೆ ಬರದ ಭಾಷೆಯಲ್ಲಿ. ಬರೆದದ್ದು ಅವರಿಗೆ ರಕ್ಷಣೆ ಆಗ್ಲಿ ಅಂತಲ್ಲ, ನಾಳೆ ‘ಮೊದಲೇ ಹೇಳಿದ್ವಲ್ಲ’ ಅಂತ ನಾವು ಅನ್ನೋಕೆ. ಕ್ಲಬ್ಬಲ್ಲಿ ಪ್ರತಿ ನವೆಂಬರ್‌ನಲ್ಲಿ ಬ್ಯಾಂಕಲ್ಲಿ ಕನ್ನಡ ಇರ್ಲಿ, ಮೆಟ್ರೋದಲ್ಲಿ ಕನ್ನಡ ಇರ್ಲಿ ಅಂತ ನಾವೇ ಮೈಕ್ ಹಿಡಿದು ಕೂಗ್ತೀವಿ. ಮನೆ ಹಾಲ್‌ನಲ್ಲಿ ಬರೆದ ಒಂದು ಪುಟ ಕನ್ನಡದಲ್ಲಿರಬೇಕು ಅಂತ ಹೊಳೆದಿರ್ಲಿಲ್ಲ.

ಅಕ್ಕ ಮಾರನೇ ದಿನ ರಜೆ ಹಾಕಿ, ಆಂಟಿ ಬಂದ ತಕ್ಷಣ ಸಾರಿ ಕೇಳಿದ್ಲಂತೆ. ‘ಇರ್ಲಿ ಬಿಡ್ರಿ, ತಾಯಿ ಜೀವ’ ಅಂದ್ರಂತೆ ಅವರು. ತಿಂಗಳು ಮುಗಿಯೋವರೆಗೂ ಬಂದ್ರು. ಪಾಪುನ ಒಂದು ದಿನವೂ ದಿವಾನದ ಮೇಲೆ ಮಲಗಿಸಲಿಲ್ಲ. ಸಂಬಳ ತಗೊಂಡ ದಿನ, ಬೇರೆ ಕಡೆ ಸಿಕ್ಕೈತ್ರಿ, ನಾಳಿಂದ ಬರಂಗಿಲ್ಲ ಅಂತ ಹೇಳಿ ಹೋದ್ರು. ಯಾಕೆ ಅಂತ ಅವರು ಹೇಳಲಿಲ್ಲ, ನಾವು ಯಾರೂ ಕೇಳಲಿಲ್ಲ. ಹೋಗೋವಾಗ ಪಾಪು ಅವರ ಸೆರಗು ಬಿಡದೆ ಹಿಡ್ಕೊಂಡಿತ್ತು ಅಂತ ಅಕ್ಕ ಹೇಳಿದ್ಲು.

ಈಗ ಬರೋರು ತುಮಕೂರು ಕಡೆಯವರು. ಈ ಸಲ ಲಿಸ್ಟ್ ಕನ್ನಡದಲ್ಲೇ ಬರೆದ್ವಿ. ಕಾಗುಣಿತ ತಪ್ಪಿದ್ದ ಎರಡು ಕಡೆ ಅಮ್ಮ ವಿಡಿಯೋ ಕಾಲಲ್ಲಿ ತಿದ್ದಿದ್ರು. ಏಳೇ ಐಟಂ, ಏಳೂ ಪಾಪುದೇ. ಕೆಳಗೆ ಬೇರೆ ಗೆರೆ ಎಳೆದು ಮನೆ ಕೆಲಸಗಳನ್ನ ಬರೆದು ಪಕ್ಕದಲ್ಲಿ ಮನೆಯವರ ಹೆಸರು ಹಾಕಿದ್ವಿ. ನೆಲ, ಪಾತ್ರೆಗೆ ಬೆಳಗ್ಗೆ ಒಂದು ಗಂಟೆ ಬೇರೆಯವರು ಬರ್ತಾರೆ. ಬಟ್ಟೆ ಮೆಷಿನ್ ಭಾವನದ್ದು. ಹಾಸ್ಟೆಲ್ ಬಟ್ಟೆ ಗಂಟು ಈಗ ಹಾಸ್ಟೆಲಲ್ಲೇ ಉಳಿಯುತ್ತೆ, ಭಾನುವಾರ ಬೆಳಗ್ಗೆ ಬಕೆಟ್ ಹಿಡ್ಕೊಂಡು ನಲ್ಲಿ ಮುಂದೆ ಕ್ಯೂ ನಿಲ್ಲೋ ನಮ್ಮನ್ನ ನೋಡಿ ನಗೋರು ನಗಬಹುದು.

ಹೊಸ ಆಂಟಿ ಲಿಸ್ಟನ್ನ ತಾವೇ ಓದಿದ್ರು, ಎರಡು ಸಲ. ಆಮೇಲೆ ಪೆನ್ ಕೇಳಿ ಎಂಟನೇ ಐಟಂ ಅವರೇ ಬರೆದ್ರು: ‘ಮದ್ಯಾನ ಊಟ ಅರ್ದ ಗಂಟೆ, ಆಗ ಪಾಪು ಸಾರ್ ಹತ್ರ.’ ಭಾವ ಒಂದು ನಿಮಿಷ ಫೋನ್ ನೋಡ್ತಾ ಕೂತ್ರು, ಆಮೇಲೆ ಸರಿ ಅಂದ್ರು. ಅವರ ಆಫೀಸ್ ಕ್ಯಾಲೆಂಡರಲ್ಲಿ ಈಗ ದಿನಾ ಒಂದೂವರೆಯಿಂದ ಎರಡರವರೆಗೆ ‘ಪಾಪು’ ಅಂತ ಬ್ಲಾಕ್ ಆಗಿದೆ, ಕನ್ನಡದಲ್ಲೇ. ಟೀಮಲ್ಲಿ ಯಾರಿಗೂ ಅದನ್ನ ಓದೋಕೆ ಬರಲ್ವಂತೆ, ಯಾವುದೋ ದೊಡ್ಡ ಮೀಟಿಂಗ್ ಇರಬೇಕು ಅಂದ್ಕೊಂಡಿದಾರಂತೆ.